ಅಪ್ಪನ ತೋಟ ಮಾರಬೇಕಾ? ಬೈಬಲ್ ತೆರೆದು ನೋಡಿದೆ, ಗೊಂದಲ ಜಾಸ್ತಿಯಾಯಿತು

ಹೂಮಳೆ, ಹಾಸನ:

ನಾನು ಹಾಸನದಲ್ಲಿ ಹೈಸ್ಕೂಲ್ ಟೀಚರ್. ಸಕಲೇಶಪುರದ ಕಡೆ ಅಪ್ಪನ ಮೂರು ಎಕರೆ ರೋಬಸ್ಟಾ ಕಾಫಿ ತೋಟ ಇದೆ. ಅಪ್ಪ ಹೋಗಿ ಎಂಟು ತಿಂಗಳಾಯಿತು. ಬೆಂಗಳೂರಿನಲ್ಲಿರುವ ತಮ್ಮ ಮಾರೋಣ ಅನ್ನುತ್ತಾನೆ. ಕಾಫಿಗೆ ರೇಟ್ ಇರುವಾಗಲೇ ತೋಟಕ್ಕೂ ರೇಟ್ ಅಂತ ಅವನ ಲೆಕ್ಕ. ತಪ್ಪೇನಲ್ಲ. ಕೊಯ್ಲಿಗೆ ಆಳು ಸಿಗುವುದಿಲ್ಲ. ಹೋದ ತಿಂಗಳು ಕಾಡಾನೆ ನುಗ್ಗಿ ಹನ್ನೊಂದು ಗಿಡ ಮುರಿದಿದೆ. ಭಾನುವಾರ ಪೂಜೆ ಮುಗಿಸಿ ಬಸ್ ಹತ್ತಿ ಹೋಗಿ ಬರುವವಳು ನಾನೊಬ್ಬಳೇ.

ಆದರೆ ನಮ್ಮಜ್ಜನ ಊರು ಶೆಟ್ಟಿಹಳ್ಳಿ. ಮಳೆಗಾಲದಲ್ಲಿ ಅರ್ಧ ಮುಳುಗುತ್ತದಲ್ಲ, ಆ ಹಳೇ ಚರ್ಚಿನ ಊರು. ಹೇಮಾವತಿ ಅಣೆಕಟ್ಟು ಬಂದಾಗ ಜಮೀನು ನೀರಿಗೆ ಹೋಯಿತು. ಆಮೇಲೆ ಅಪ್ಪ ದುಡಿದು ಈ ತೋಟ ಮಾಡಿದರು. "ಒಂದು ಸಲ ನೀರು ತಗೊಂಡಿತು, ಇನ್ನು ನಾವಾಗೇ ಕೊಡೋದು ಬೇಡ" ಅನ್ನುತ್ತಿದ್ದರು. ಅವರ ಕತ್ತಿ ಇನ್ನೂ ಶೆಡ್ಡಿನ ಗೋಡೆಯಲ್ಲಿ ಸಿಕ್ಕಿಸಿದ ಹಾಗೇ ಇದೆ. ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿದ್ದಾರೆ. ಅದನ್ನು ನೋಡಿದರೆ ಲೆಕ್ಕವೆಲ್ಲ ಮರೆತುಹೋಗುತ್ತದೆ.

ನಗಬೇಡಿ. ಮೊನ್ನೆ ರಾತ್ರಿ ಪ್ರಾರ್ಥನೆ ಮಾಡಿ, ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಟ್ಟೆ. ಯೆರೆಮೀಯ 32. ಶತ್ರು ಸೈನ್ಯ ಪಟ್ಟಣ ಮುತ್ತಿರುವಾಗಲೇ ಪ್ರವಾದಿ ಯೆರೆಮೀಯ 17 ಶೆಕೆಲ್ ಬೆಳ್ಳಿ ಕೊಟ್ಟು ತನ್ನೂರು ಅನಾತೋತಿನ ಹೊಲ ಕೊಂಡ ಕತೆ. ಅತ್ತುಬಿಟ್ಟೆ. ಖಾತ್ರಿಗಿರಲಿ ಅಂತ ಇನ್ನೊಂದು ಸಲ ಇಟ್ಟೆ. ಮಾರ್ಕ 10. ಇರುವುದನ್ನೆಲ್ಲ ಮಾರು ಅಂತ ಯೇಸು ಹೇಳುವ ಜಾಗ! ಈಗ ಏನು ಮಾಡಲಿ?

ಬಾಳ್ಳುಪೇಟೆಯವ:

ಅಕ್ಕ, ಮೂರನೇ ಸಲ ಮಾತ್ರ ಬೆರಳಿಡಬೇಡಿ. ನನಗೆ ಬೈಬಲ್ ಗೊತ್ತಿಲ್ಲ, ತೋಟ ಗೊತ್ತು. ಪೌತಿ ಖಾತೆ, ಅಂದರೆ ತೀರಿಹೋದವರ ಜಮೀನು ವಾರಸುದಾರರ ಹೆಸರಿಗೆ ಮಾಡಿಸೋದು, ಆಗಿದೆಯಾ? ಪಹಣಿ ಅಪ್ಪನ ಹೆಸರಲ್ಲೇ ಇದ್ದರೆ ಮೊದಲು ಅದನ್ನು ಮುಗಿಸಿ. ಆಮೇಲೆ ಖರ್ಚು ಬರೆಯಿರಿ. ಗೊಬ್ಬರ, ಕಸಿ (ಗಿಡದ ರೆಂಬೆ ಸವರೋದು), ಕೊಯ್ಲು, ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರಿಗೆ ಡೀಸೆಲ್. ಈಗಿನ ರೇಟ್ ಹಿಡಿದು ಮಾತ್ರ ಲೆಕ್ಕ ಹಾಕಬೇಡಿ. 2001ರ ಸುಮಾರಿಗೆ ರೇಟ್ ನೆಲ ಕಚ್ಚಿದಾಗ ನಮ್ಮಪ್ಪ ಹಣ್ಣು ಗಿಡದಲ್ಲೇ ಬಿಟ್ಟಿದ್ದರು.

ಹಳೇ ಮೇಷ್ಟ್ರು, ಚಿಕ್ಕಮಗಳೂರು:

ಈ ಬಾಳ್ಳುಪೇಟೆಯವರು ಹೇಳಿದ್ದು ಬೈಬಲ್ಲಿನಲ್ಲೂ ಇದೆಯಮ್ಮ. ಲೂಕ 14: ಗೋಪುರ ಕಟ್ಟುವವನು ಮೊದಲು ಕೂತು ಖರ್ಚು ಲೆಕ್ಕ ಹಾಕುವುದಿಲ್ಲವೇ? ಲೆಕ್ಕ ಹಾಕಿದರೆ ನಂಬಿಕೆ ಕಮ್ಮಿ ಅಂತಲ್ಲ. ಬೈಬಲ್ಲಿನ ಗಿದ್ಯೋನನೂ ಯುದ್ಧಕ್ಕೆ ಹೋಗುವ ಮೊದಲು ಉಣ್ಣೆ ಹಾಸಿ ದೇವರಲ್ಲಿ ಎರಡು ಸಲ ಗುರುತು ಕೇಳಿದ, ನಿಜ. ಆದರೆ ಅವನಿಗೆ ಏನು ಮಾಡಬೇಕು ಅಂತ ದೇವರು ಆಗಲೇ ಹೇಳಿಯಾಗಿತ್ತು. ಅವನಿಗೆ ಬೇಕಿದ್ದದ್ದು ಧೈರ್ಯ.

ಮನಸ್ಸಿನ ವಿಷಯಕ್ಕೆ ಯೇಸುಸಭೆ ಕಟ್ಟಿದ ಸಂತ ಇಗ್ನೇಷಿಯಸರನ್ನು ಕೇಳಬೇಕು. 1521ರಲ್ಲಿ ಸ್ಪೇನಿನ ಪಾಂಪ್ಲೋನಾದ ಯುದ್ಧದಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿದು ಮಲಗಿದ್ದಾಗ ಒಂದು ವಿಷಯ ಗಮನಿಸಿದರು. ಶೂರನಾಗಿ ಮೆರೆಯುವ ಕನಸು ಕಾಣುವಾಗ ಖುಷಿ, ಮುಗಿದ ಮೇಲೆ ಖಾಲಿ. ಸಂತರ ಹಾಗೆ ಬದುಕುವ ಯೋಚನೆಯಲ್ಲಿ ಮಾತ್ರ ಆಮೇಲೂ ಸಮಾಧಾನ ಉಳಿಯುತ್ತಿತ್ತು. ಹಾಗಾಗಿ ನೀನೂ ಆಮೇಲಿನ ರುಚಿ ನೋಡು. ಮನಸ್ಸು ಕತ್ತಲಲ್ಲಿರುವಾಗ ಹಳೇ ತೀರ್ಮಾನ ಬದಲಿಸಬೇಡ ಅಂತಲೂ ಅವರು ಹೇಳಿದ್ದಾರೆ. ಎಂಟು ತಿಂಗಳು ಏನು ಮಹಾ? ಇನ್ನೊಂದು ಉಪಾಯ ಅವರದೇ: ಗುರುತಿಲ್ಲದ ಯಾರೋ ಇದೇ ಕಷ್ಟ ಹೇಳಿಕೊಂಡು ಬಂದರೆ ನೀನು ಏನು ಹೇಳುತ್ತೀಯ?

ಹೂಮಳೆ, ಹಾಸನ:

ಮೇಷ್ಟ್ರೇ, ಅಪ್ಪನ ಲೆಕ್ಕದ ಪುಸ್ತಕ ತೆಗೆದು ಕೂತೆ. ಆಳಿನ ಕೂಲಿ, ಗೊಬ್ಬರ, ಕೊನೆಗೆ ಬೀಡಿ ಖರ್ಚೂ ಇದೆ. ಅಪ್ಪನ ಕೂಲಿ ಎಲ್ಲೂ ಇಲ್ಲ. ದಿನಕ್ಕೊಂದಾಳಿನಂತೆ ಅದನ್ನು ಸೇರಿಸಿದೆ. ಉಳಿಯುತ್ತಿತ್ತು ಅಂದುಕೊಂಡ ಲಾಭದಲ್ಲಿ ಮುಕ್ಕಾಲು ಭಾಗ ಹೋಯಿತು. ಗುರುತಿಲ್ಲದವಳು ಬಂದಿದ್ದರೆ "ಒಬ್ಬಳೇ ಹೊರಬೇಡ ಕಣೇ" ಅನ್ನುತ್ತಿದ್ದೆ. ಇಟ್ಟುಕೋ ಅಂತಲೂ ಅಲ್ಲ, ಮಾರು ಅಂತಲೂ ಅಲ್ಲ.

ಆ ಪುಟದ ಫೋಟೋ ತಮ್ಮನಿಗೆ ಕಳಿಸಿದೆ. ಅರ್ಧ ಗಂಟೆ ಬಿಟ್ಟು ಫೋನ್ ಮಾಡಿದ. ಪೌತಿ ಖಾತೆಗೆ ಅರ್ಜಿ ಹಾಕೋಣ, ಈ ಕೊಯ್ಲು ಮುಗಿಯುವವರೆಗೆ ಮಾರುವ ಮಾತು ಬೇಡ ಅಂದ. ಜನವರಿಯಲ್ಲಿ ಒಂದು ವಾರ ರಜೆ ಹಾಕಿ ಬರುತ್ತಾನಂತೆ. ಬಂದರೆ ಹೇಳುತ್ತೇನೆ.