ಪದ ಬೇಕು, ತುರ್ತು: ಬಸ್ಸಿನ ಕಂಬಿಯಿಂದ ಇಳಿಬಿಟ್ಟ ಹಿಡಿಗೆ ಏನನ್ನೋಣ?

ಕಲಬುರಗಿಯಿಂದ:
ಎಲ್ಲರಿಗೂ ನಮಸ್ಕಾರ. ಸಿಟಿ ಬಸ್ಸಿನ ಒಳಗಿನ ಸಾಮಾನುಗಳನ್ನು ಹೊಸದಾಗಿ ಮಾಡಿ ನೋಡುತ್ತಿದ್ದೇವೆ. ಕಾಲೇಜು ಹುಡುಗರ ಪ್ರಾಜೆಕ್ಟು. ಮಾದರಿ ತಯಾರಾಗಿದೆ, ಹೆಸರು ಬರೆಯುವುದಷ್ಟೇ ಬಾಕಿ. ಸ್ಟಿಕರ್ ಅಂಗಡಿಯವರು ನಾಳೆ ಬೆಳಗ್ಗೆಯೇ ಫೈಲ್ ಕೊಡಿ ಅಂದಿದ್ದಾರೆ.

ಬೇಕಾದ ಪದ ಮೂರು. ಮೇಲಿನ ಕಂಬಿಯಿಂದ ಇಳಿಬಿಟ್ಟ ಪಟ್ಟಿ, ತುದಿಗೆ ಪ್ಲಾಸ್ಟಿಕ್ ಬಳೆ. ಗಾಲಿಕುರ್ಚಿ ಹತ್ತಿಸಲು ಬಾಗಿಲಲ್ಲಿ ಬಿಚ್ಚಿ ಹಾಸುವ ಹಲಗೆ. ಇಳಿಯುವವರು ಒತ್ತುವ ಬಟನ್.

ಪಟ್ಟಿ ಯಾಕೆ ಅಂತಲೂ ಹೇಳಿಬಿಡುತ್ತೇನೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲೆ ನಿಂತು ಹೋಗುವ ಹೆಂಗಸರು ಜಾಸ್ತಿ. ಮೇಲಿನ ಕಂಬಿ ಎಷ್ಟೋ ಜನಕ್ಕೆ ನಿಲುಕುವುದೇ ಇಲ್ಲ. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಆಧಾರ್ ಕಾರ್ಡು. ಸೀಟಿನ ಮೂಲೆಗೆ ಸೊಂಟ ಆನಿಸಿ ನಿಲ್ಲುತ್ತಾರೆ. ಬ್ರೇಕ್ ಬಿದ್ದರೆ ಸೀದಾ ಮುಂದಿನವರ ಮೇಲೆ. ಅದಕ್ಕೇ ಕಂಬಿಗಿಂತ ಒಂದು ಗೇಣು ಕೆಳಗೆ ಬರುವ ಹಾಗೆ ಪಟ್ಟಿ ಕಟ್ಟಿದ್ದೇವೆ. ಕಂಬಿಗೆ ಇಲ್ಲಿ ಪೈಪ್ ಅಂತಾರೆ, ರಾಡ್ ಅಂತಾರೆ. ಪಟ್ಟಿಗೆ ಏನಂತಾರೆ ಅಂತ ಕೇಳಿದರೆ ಎಲ್ಲರೂ ಮುಖ ಮುಖ ನೋಡುತ್ತಾರೆ.

ಮೈಸೂರಿನಿಂದ:
ಹಿಡಿಕುಣಿಕೆ. ಅಚ್ಚಗನ್ನಡ. ಮುಗಿಯಿತು.

ಧಾರವಾಡದಿಂದ:
ಎಲ್ಲಿ ಮುಗೀತು ಸರ್? ಕುಣಿಕೆ ಅಂದ ಕೂಡಲೇ ಜನಕ್ಕೆ ನೆನಪಾಗುವುದು ನೇಣು. ಬಸ್ ಹತ್ತಿ ತಲೆ ಎತ್ತಿದರೆ ಅದೇ ಪದ ಕಾಣಬೇಕಾ? ಕೈಪಟ್ಟಿ ಅನ್ನಿ, ಸಾಕು.

ಮೈಸೂರಿನಿಂದ:
> ಕೈಪಟ್ಟಿ ಅನ್ನಿ, ಸಾಕು

ಪಟ್ಟಿ ಸಂಸ್ಕೃತ ಮೂಲದ್ದು. ಕೈ ಕನ್ನಡ. ಎರಡನ್ನೂ ಬೆಸೆದರೆ ಅರಿಸಮಾಸ, ಅಂದರೆ ಕೂಡಬಾರದ ಜೋಡಿ. ಕವಿರಾಜಮಾರ್ಗ ಓದಿಕೊಂಡು ಬನ್ನಿ.

ಸೇಡಂನಿಂದ:
ಮೇಷ್ಟ್ರೇ, ಆ ಪುಸ್ತಕ ಓದಲು ನಾವೆಲ್ಲೂ ಹೋಗಬೇಕಿಲ್ಲ. ರಾಷ್ಟ್ರಕೂಟರ ರಾಜಧಾನಿ ಮಳಖೇಡ ನಮ್ಮ ತಾಲೂಕಿನಲ್ಲೇ ಇದೆ. ಕುದಿಯುವ ಹಾಲಿಗೆ ಮಜ್ಜಿಗೆ ಹನಿ ಬಿದ್ದ ಹಾಗೆ ಅಂತ 9ನೇ ಶತಮಾನದಲ್ಲಿ ಹೇಳಿದ್ದು ನಿಜ. ಅದು ಕಾವ್ಯದಲ್ಲಿ ಸಂಸ್ಕೃತ, ಕನ್ನಡ ಎರಡನ್ನೂ ಒಂದೇ ಸಮಾಸಕ್ಕೆ ತುರುಕುವವರಿಗೆ ಹೇಳಿದ ಮಾತು. ಪಟ್ಟಿ ತದ್ಭವ. ಕನ್ನಡದ ಜೊತೆ ತದ್ಭವ ಸೇರಿದರೆ ಅರಿಸಮಾಸ ಆಗೋದಿಲ್ಲ ಅಂತ ಹೈಸ್ಕೂಲ್ ವ್ಯಾಕರಣದಲ್ಲೇ ಇದೆ. ಬಿರುದಾವಳಿಗೆ ಹಳಗನ್ನಡದ ವ್ಯಾಕರಣ ಬರೆದ ಕೇಶಿರಾಜನೂ ವಿನಾಯಿತಿ ಕೊಟ್ಟಿದ್ದಾನೆ. ಬಸ್ಸಿನ ಪಟ್ಟಿಗೆ ಕೊಡಬಾರದಾ?

ಬೆಂಗಳೂರಿನಿಂದ:
ನಾನು ವಿನ್ಯಾಸದ ಕೆಲಸದವಳು. ಜಪಾನಿನಲ್ಲಿ ಈ ಪಟ್ಟಿಗೆ ತ್ಸುರಿಕಾವಾ ಅಂತಾರೆ, ಅಂದರೆ ತೂಗುವ ತೊಗಲು. ಈಗ ಬರೀ ಪ್ಲಾಸ್ಟಿಕ್. ತೊಗಲು ಎಲ್ಲಿ ಅಂತ ಯಾರೂ ಕೇಳುವುದಿಲ್ಲ. ಯಾವುದರಿಂದ ಮಾಡಿದ್ದು ಅನ್ನುವುದು ನಾಳೆ ಬದಲಾಗಬಹುದು, ಹಿಡಿಯುವ ಕೆಲಸ ಬದಲಾಗುವುದಿಲ್ಲ. ಅದಕ್ಕೇ ತೂಗುಹಿಡಿ ಅಂದರೆ ಹೇಗೆ?

ಪದದ ಜೊತೆ ಇದನ್ನೂ ಗಮನಿಸಿ. ಬ್ರಿಟನ್ನಿನ 2000ನೇ ಇಸವಿಯ ಬಸ್ ನಿಯಮದಲ್ಲಿ ಕಂಬಿಯ ದಪ್ಪ 30ರಿಂದ 35 ಮಿಲಿಮೀಟರ್ ಅಂತಿದೆ. ಅದಕ್ಕಿಂತ ದಪ್ಪ ಆದರೆ ಚಿಕ್ಕ ಕೈಯ ಬೆರಳು ಸುತ್ತಿ ಬರುವುದಿಲ್ಲ. ನಿಮ್ಮ ಬಳೆಯ ದಪ್ಪ ಎಷ್ಟಿದೆ? ಬಣ್ಣ ಹಳದಿ ಇರಲಿ, ಕಣ್ಣು ಮಂಜಾದವರಿಗೂ ಕಾಣುತ್ತದೆ.

ಕಲಬುರಗಿಯಿಂದ:
ಬಳೆ ಹಳದಿಯೇ ಮೇಡಂ. ದಪ್ಪ ಸಂಜೆಗೆ ಅಳೆಯುತ್ತೇನೆ. ಹಲಗೆ, ಬಟನ್ ಬಗ್ಗೆ ಯಾರಾದರೂ ಹೇಳಿ. ಹುಡುಗರು ಜಾರುಹಲಗೆ, ನಿಲುಗಡೆ ಗುಂಡಿ ಅಂತ ಬರೆದಿಟ್ಟಿದ್ದಾರೆ.

ಧಾರವಾಡದಿಂದ:
ಗಾಲಿಕುರ್ಚಿಯಲ್ಲಿ ಕೂತವರ ಮುಂದೆ "ಜಾರು" ಅಂತ ಬರೆಯಬೇಡ್ರಪ್ಪ! ಇಳಿಜಾರು ಬೇಡ, ಅಲ್ಲೂ ಜಾರು ಇದೆ. ಹತ್ತುಹಲಗೆ ಅನ್ನೋಣ ಅಂದರೆ ಸ್ಟಿಕರ್ ಅಂಗಡಿಯವರು ನಡುವೆ ಜಾಗ ಬಿಟ್ಟುಬಿಡುತ್ತಾರೆ, ಉಳಿದ ಒಂಬತ್ತು ಹಲಗೆ ಎಲ್ಲಿ ಅಂತ ಜನ ಕೇಳುತ್ತಾರೆ. ಏರುಹಲಗೆ.

ಮೈಸೂರಿನಿಂದ:
ಗುಂಡಿ ಅಂದರೆ ಹಳ್ಳ. ರಸ್ತೆಯಲ್ಲಿರುವುದು ಸಾಲದೇ, ಬಸ್ಸಿನೊಳಗೂ ಬೇಕೇ? ಒತ್ತುಗೆ ಎನ್ನಿ.

ಬೀದರಿನಿಂದ:
ರಸ್ತೆಯಲ್ಲಿರುವುದು ನಿಮ್ಮ ಕಡೆ ಗುಂಡಿ. ನಮ್ಮ ಕಡೆ ಅದು ತಗ್ಗು. ಗುಂಡಿ ಅಂದರೆ ಅಂಗಿಗೆ ಹಾಕುವುದು. ಒತ್ತುಗೆ ಅಂತ ಯಾರ ಬಾಯಲ್ಲೂ ಕೇಳಿಲ್ಲ, ಸುಮ್ನೆ ಹೊಸೆಯಬೇಡಿ.

ನಮ್ಮ ಮನೆಯಲ್ಲಿ ಕಂಡಕ್ಟರ್ ಕೆಲಸ ಮಾಡಿದವರಿದ್ದಾರೆ, ಅದಕ್ಕೇ ಹೇಳುತ್ತೇನೆ. ಒಂದು ಸೀಟಿ ಊದಿದರೆ ನಿಲ್ಲು, ಎರಡು ಊದಿದರೆ ಹೊರಡು. ಸೀಟಿ ಇಲ್ಲದಾಗ "ಹೋಲ್ಡಾನ್", "ರೈಟ್". ಇವು ಇಂಗ್ಲಿಷ್ ಅಂತ ಹಳ್ಳಿಯ ಮುದುಕಿಗೆ ಗೊತ್ತೇ ಇಲ್ಲ. ಅವಳೂ "ಹೋಲ್ಡಾನ್ ಯಪ್ಪಾ" ಅಂತ ಕೂಗಿ ಇಳಿಯುತ್ತಾಳೆ. ಆ ಬಟನ್ ಮಾಡಬೇಕಾದ್ದೂ ಇದೇ ಕೆಲಸ. ಅದರ ಮೇಲೆ ಅದರ ಹೆಸರು ಯಾಕೆ? ಬಾಗಿಲ ಮೇಲೆ "ಬಾಗಿಲು" ಅಂತ ಬರೆಯುತ್ತೇವಾ? "ಇಳಿಯಲು ಒತ್ತಿ" ಅಂತ ಹಾಕಿ. ಪಟ್ಟಿಯ ಹತ್ತಿರ "ಹಿಡಿದುಕೊಳ್ಳಿ" ಸಾಕು.

ಮೈಸೂರಿನಿಂದ:
ಹೋಲ್ಡಾನ್ ಕನ್ನಡವಾಯಿತು! ಹೀಗೇ ಬಿಟ್ಟರೆ ಕ್ರಿಯಾಪದಗಳಷ್ಟೇ ನಮಗೆ ಉಳಿಯುತ್ತವೆ.

ಸೇಡಂನಿಂದ:
ಕ್ರಿಯಾಪದ ಉಳಿದರೆ ಭಾಷೆ ಉಳಿದ ಹಾಗೆಯೇ. ನಾಮಪದ ನಾವು ದಖನಿ, ಮರಾಠಿ, ತೆಲುಗಿನಿಂದ ತಂದುಕೊಂಡೇ ಬದುಕಿದ್ದೇವೆ. ನಿಮಗೆ ಗಡಿ ದೂರ, ಅದಕ್ಕೆ ಭಯ ಜಾಸ್ತಿ.

ಮೈಸೂರಿನಿಂದ:
ಭಯವಲ್ಲ, ಸೋಮಾರಿತನದ ವಿರೋಧ.

ಕಲಬುರಗಿಯಿಂದ:
ಫೈಲ್ ಕಳಿಸಿದೆ. ಬಟನ್ನಿಗೆ "ಇಳಿಯಲು ಒತ್ತಿ", ಕಂಬಿಯ ಮೇಲೆ "ಹಿಡಿದುಕೊಳ್ಳಿ", ಜೊತೆಗೆ ಒಂದು ಕೈಯ ಚಿತ್ರ. ತೂಗುಹಿಡಿ, ಏರುಹಲಗೆ ಎರಡೂ ಸ್ಟಿಕರ್‌ನಲ್ಲಿಲ್ಲ, ರಿಪೇರಿಯವರ ಕೈಪಿಡಿಗೆ ಹೋಗುತ್ತವೆ. ಅವರಿಗೆ ಸಾಮಾನಿನ ಹೆಸರು ಬೇಕೇ ಬೇಕು. ಬಳೆ 38 ಮಿಲಿಮೀಟರ್ ಬಂತು ಮೇಡಂ, ತೆಳ್ಳಗೆ ಮಾಡಿಸುತ್ತೇವೆ. ಗಾಲಿಕುರ್ಚಿಯ ಜಾಗಕ್ಕೆ "ಗಾಲಿಕುರ್ಚಿಗೆ ಮೀಸಲು" ಅಂತಲೇ ಹಾಕಿದ್ದೇವೆ.

ಮೈಸೂರಿನಿಂದ:
ಕುರ್ಚಿ ಅರಬ್ಬಿ. ಅದರ ಬಗ್ಗೆ ಇಲ್ಲಿ ಯಾರೂ ಬಾಯಿ ಬಿಟ್ಟಿಲ್ಲ.

ಧಾರವಾಡದಿಂದ:
ಅದಕ್ಕೆ ಬೇರೆ ಎಳೆ ಶುರುಮಾಡಿ ಸರ್.