ದಸರಾ ರಜೆಗೆ ಎಲ್ಲಿಗೆ? ಹೋಗಿ ಬಂದವರು ಹೇಳಿ

ಪ್ರಶ್ನೆ, ತುಮಕೂರಿನಿಂದ

ದಸರಾ ರಜೆಗೆ ಮನೆಯವರೆಲ್ಲ ಸೇರಿ ಎಲ್ಲಾದರೂ ಹೋಗಿ ಬರೋಣ ಅಂತಿದ್ದೀವಿ. ಅಮ್ಮನಿಗೆ ಮಂಡಿ ನೋವು, ಜಾಸ್ತಿ ಮೆಟ್ಟಿಲು ಹತ್ತೋಕಾಗಲ್ಲ. ಮಗಳು ಹೈಸ್ಕೂಲು, ಇತಿಹಾಸ ಅಂದ್ರೆ ಆಕಳಿಸ್ತಾಳೆ. ಜೋಗ, ಕೊಡಗು, ಹಂಪಿ, ಬಾದಾಮಿ ಮನಸ್ಸಲ್ಲಿವೆ. ರೀಲ್ಸ್‌ನಲ್ಲಿ ನೋಡಿದ್ರೆ ಎಲ್ಲವೂ ಸ್ವರ್ಗವೇ! ಅಂದುಕೊಂಡಿದ್ದಕ್ಕಿಂತ ಯಾವುದು ಚೆನ್ನಾಗಿತ್ತು, ಯಾವುದು ‘ಅಯ್ಯೋ ಇಷ್ಟೇನಾ’ ಅನ್ನಿಸ್ತು, ಮುಚ್ಚುಮರೆಯಿಲ್ಲದೆ ಹೇಳಿ.

ಸಾಗರದಿಂದ

ಜೋಗದ ಬಗ್ಗೆ ನಾನು ಹೇಳ್ತೀನಿ. ಮನೆಗೆ ಬಂದ ನೆಂಟರನ್ನೆಲ್ಲ ಅಲ್ಲಿಗೆ ಕರ್ಕೊಂಡು ಹೋಗೋದು ನಮ್ಮ ಪಾಲಿಗೆ ಬಂದ ಕೆಲಸ. ಅದರಲ್ಲಿ ಅರ್ಧ ಜನ ಮುಖ ಸಪ್ಪೆ ಮಾಡ್ಕೊಂಡೇ ವಾಪಸ್ ಬರ್ತಾರೆ. ಜಲಪಾತದ್ದು ಏನೂ ತಪ್ಪಿಲ್ಲ. 1964ರಿಂದ ಮೇಲ್ಗಡೆ ಲಿಂಗನಮಕ್ಕಿ ಅಣೆಕಟ್ಟು ಇದೆ, ಶರಾವತಿ ನೀರು ಕರೆಂಟಿಗೆ ಹೋಗುತ್ತೆ. ಜೋಗಕ್ಕೆ ಉಳಿಯೋದು ಅಣೆಕಟ್ಟಿನ ಕೆಳಗೆ ಸುರಿದ ಮಳೆ ನೀರು ಮಾತ್ರ. ಅಣೆಕಟ್ಟು ತುಂಬಿ ಗೇಟು ತೆಗೆದ ವರ್ಷದ ಕಥೆ ಬೇರೆ. ಬೇಸಿಗೆ ರಜೆಯಲ್ಲಿ ಬಂದವರಿಗೆ ಕಾಣೋದು ಕಪ್ಪು ಬಂಡೆ, ಅದರ ಮೇಲೆ ಒಂದೆರಡು ಬಿಳಿ ಗೆರೆ.

ಹಾಗಂತ ಜುಲೈನಲ್ಲಿ ಬಂದ್ರೆ ನೀರೇನೋ ಭರ್ತಿ, ಆದ್ರೆ ಮಂಜು. ಜನ ಕಂಬಿ ಹಿಡ್ಕೊಂಡು ಬಿಳಿ ಗೋಡೆ ನೋಡ್ತಾ ನಿಂತಿರ್ತಾರೆ, ಬರೀ ಸದ್ದು ಕೇಳ್ತಿರುತ್ತೆ. ಛತ್ರಿ ತಿರುಗಿಸೋ ಹಂಗೆ ಒಂದು ಗಾಳಿ ಬರುತ್ತೆ, ಎಡಗಡೆ ಮೊದಲು ರಾಜ, ಆಮೇಲೆ ರೋರರ್, ರಾಕೆಟ್, ರಾಣಿ, 830 ಅಡಿ ಪೂರ್ತಿ ಬಿಚ್ಕೊಳುತ್ತೆ. ಎಲ್ಲರೂ ಒಟ್ಟಿಗೆ ‘ಹೋ’ ಅಂತಾರೆ. ಫೋನ್ ತೆಗೆಯೋಷ್ಟರಲ್ಲಿ ಮತ್ತೆ ಮುಚ್ಚಿರುತ್ತೆ. ಅದನ್ನ ನೋಡಬೇಕು ಅಂದ್ರೆ ಅಲ್ಲೇ ಬೇಯಿಸಿದ ಜೋಳ ತಿನ್ಕೊಂಡು ಕಾಯೋ ತಾಳ್ಮೆ ಬೇಕು. ನಿಮ್ಮ ದಸರಾ ಹೊತ್ತಿಗೆ ಮಂಜು ಕಮ್ಮಿ ಆಗಿರುತ್ತೆ, ನೀರು ಆ ವರ್ಷದ ಮಳೆ ಮೇಲೆ ಹೋಗುತ್ತೆ. ಹೊರಡೋ ಮುಂಚೆ ಲಿಂಗನಮಕ್ಕಿ ಎಷ್ಟು ತುಂಬಿದೆ ಅಂತ ಪೇಪರ್ ನೋಡ್ಕೊಳ್ಳಿ. ಅಮ್ಮನವರಿಗೆ ಮೇಲಿಂದಲೇ ಚೆನ್ನಾಗಿ ಕಾಣುತ್ತೆ, ತಳಕ್ಕೆ ಇಳಿಯೋ ಮೆಟ್ಟಿಲ ತಂಟೆಗೆ ಹೋಗೋದೇ ಬೇಡ.

ಜೋಗ ಕೈಕೊಟ್ರೂ ಇಕ್ಕೇರಿ ಕೈಕೊಡಲ್ಲ. ಸಾಗರದಿಂದ ಆಟೋದಲ್ಲೇ ಹೋಗಿ ಬರಬಹುದು. ಕೆಳದಿ ಅರಸರ ಅಘೋರೇಶ್ವರ ದೇವಸ್ಥಾನ, ಎದುರಿಗೇ ನಂದಿ ಮಂಟಪ. ಜನವೇ ಇರಲ್ಲ. ಸಿಗಂದೂರಿಗೆ ಹೋಗೋ ಆಸೆ ಇದ್ರೆ ಒಂದು ಮಾತು: ಹಿನ್ನೀರು ದಾಟಿಸ್ತಿದ್ದ ಲಾಂಚ್ ನೆನಪಿಟ್ಕೊಂಡು ಬರಬೇಡಿ. 2025ರ ಜುಲೈನಲ್ಲಿ ಸೇತುವೆ ಆಯ್ತು, ಈಗ ಬಸ್ಸು ಕಾರು ಹಿನ್ನೀರಿನ ಮೇಲೆ ಸುಯ್ ಅಂತ ದಾಟ್ತವೆ. ಆ ಕಡೆಯ ಊರಿನವರು ವರ್ಷಗಟ್ಟಲೆ ಕಾದಿದ್ದ ಸೇತುವೆ ಅದು, ಅವರಿಗೆ ದೊಡ್ಡ ಅನುಕೂಲ. ‘ಲಾಂಚ್ ಇಲ್ವಾ’ ಅಂತ ಬೇಜಾರು ಮಾಡ್ಕೊಳ್ಳೋರು ನಿಮ್ಮಂಥ ಪ್ರವಾಸಿಗರು ಮಾತ್ರ!

ಬೆಂಗಳೂರಿನಿಂದ

ಕೊಡಗು, ಚಿಕ್ಕಮಗಳೂರು ಎರಡೂ ರಜೆಯಲ್ಲಿ ಬೇಡ. ಮುಳ್ಳಯ್ಯನಗಿರಿ ದಾರಿಯಲ್ಲಿ ಬೆಟ್ಟಕ್ಕಿಂತ ಮುಂದಿನ ಕಾರಿನ ನಂಬರ್ ಪ್ಲೇಟನ್ನೇ ಹೆಚ್ಚು ನೋಡಿದ್ದು. ಮಡಿಕೇರಿ ದಸರಾ ರಾತ್ರಿ ಮಂಟಪಗಳ ಮೆರವಣಿಗೆ ಇದ್ಯಲ್ಲ, ಅದನ್ನೇ ನೋಡೋಕೆ ಹೋಗೋದಾದ್ರೆ ಸರಿ, ಅದು ನಿಜಕ್ಕೂ ಜೋರು. ಆದ್ರೆ ರೂಮು ಸಿಗೋ ಮಾತು ಬಿಡಿ. ಅಕ್ಟೋಬರ್ 17ರ ಆಸುಪಾಸು ತುಲಾ ಸಂಕ್ರಮಣ, ತಲಕಾವೇರಿಯಲ್ಲಿ ತೀರ್ಥೋದ್ಭವ. ಭಕ್ತಿಯಿಂದ ಹೋಗೋರು ಹೋಗಲಿ, ‘ಪ್ರಶಾಂತವಾಗಿರುತ್ತೆ’ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ.

ದಾವಣಗೆರೆಯಿಂದ

ನನ್ನ ಮಟ್ಟಿಗೆ ಹಂಪಿ ನಿರಾಸೆ. ಎಲ್ಲರೂ ಬೈತೀರಿ, ಗೊತ್ತು. ಹತ್ತು ಗಂಟೆ ದಾಟಿದ್ರೆ ಬಂಡೆ ಕಾದು ಕಾಲಿಡೋಕಾಗಲ್ಲ, ನೆರಳಿಲ್ಲ. ವಿಜಯ ವಿಠ್ಠಲಕ್ಕೆ ಹೋಗೋ ಬ್ಯಾಟರಿ ಗಾಡಿಗೆ ಸಾಲು. ಒಳಗೆ 50 ರೂಪಾಯಿ ನೋಟಿನ ಮೇಲಿರೋ ಕಲ್ಲಿನ ರಥದ ಸುತ್ತ ತಡೆ, ಸಪ್ತಸ್ವರದ ಕಂಬ ಮುಟ್ಟಿದ್ರೆ ಸೀಟಿ. ಸಂಗೀತ ಕೇಳಿಸ್ತೀನಿ ಅಂತ ಮಕ್ಕಳಿಗೆ ಹೇಳಿ ಕರ್ಕೊಂಡು ಹೋಗಿದ್ದೆ, ಅವರು ಕೇಳಿದ್ದು ಗಾರ್ಡಿನ ಸೀಟಿನೇ.

ಹೊಸಪೇಟೆಯಿಂದ

ಮೇಲಿನವರಿಗೆ ಬೈಯಲ್ಲ, ಬಿಸಿಲಿನ ಬಗ್ಗೆ ಹೇಳಿದ್ದು ಪೂರ್ತಿ ನಿಜ. ಕಂಬದ ಮಾತು ಮಾತ್ರ ಒಪ್ಪಲ್ಲ. ಬಂದವರೆಲ್ಲ ಬಡಿದು ಬಡಿದು ಅವು ಹಾಳಾಗ್ತಿದ್ವು, ಮುಟ್ಟಬೇಡಿ ಅನ್ನೋದು ಸರಿಯಾಗೇ ಇದೆ.

ಹಂಪಿಗೆ ಬರೋರು ರಥ, ಕಮಲ ಮಹಲ್, ಆನೆ ಲಾಯ ನೋಡಿ ಫೋಟೊ ತೆಗೆದು ಹೊರಡ್ತಾರೆ. ನಾನಾಗಿದ್ರೆ ಮಗಳನ್ನ ಮೊದಲು ವಿರೂಪಾಕ್ಷ ಗುಡಿ ಹಿಂಭಾಗದ ಕತ್ತಲೆ ಕೋಣೆಗೆ ಕರ್ಕೊಂಡು ಹೋಗ್ತಿದ್ದೆ. ಗೋಡೆಯಲ್ಲೊಂದು ಸಣ್ಣ ಕಿಂಡಿ, ಎದುರು ಗೋಡೆ ಮೇಲೆ ರಾಜಗೋಪುರ ತಲೆಕೆಳಗಾಗಿ ಬಿದ್ದಿರುತ್ತೆ. ಶಾಲೆಯಲ್ಲಿ ಸೂಜಿರಂಧ್ರ ಕ್ಯಾಮೆರಾ ಪಾಠ ಆಗಿರುತ್ತಲ್ಲ, ಅದೇ ಇದು, ಗೋಪುರದಷ್ಟು ದೊಡ್ಡದಾಗಿ. ಇತಿಹಾಸ ಅಂದ್ರೆ ಆಕಳಿಸೋ ಮಕ್ಕಳು ಅಲ್ಲಿ ಆಕಳಿಸಿದ್ದು ನಾನು ನೋಡಿಲ್ಲ.

ಆಮೇಲೆ ಹಜಾರರಾಮ. ಸಣ್ಣ ಗುಡಿ, ಅರಮನೆ ಆವರಣದ ಮಧ್ಯೆ. ಹೊರಗಿನ ಪ್ರಾಕಾರದ ಗೋಡೆ ಮೇಲೆ ಸಾಲು ಸಾಲಾಗಿ ಆನೆ, ಕುದುರೆ, ಸೈನಿಕರು, ಕುಣಿಯೋ ಹೆಂಗಸರು, ಅಂದ್ರೆ ಒಂದು ಮೆರವಣಿಗೆ. ಅಲ್ಲಿಂದ ನಾಲ್ಕು ಹೆಜ್ಜೆಗೆ ಮಹಾನವಮಿ ದಿಬ್ಬ. ವಿಜಯನಗರದ ಅರಸರು ಅದರ ಮೇಲೆ ಕೂತು ನವರಾತ್ರಿ ಉತ್ಸವ ನೋಡ್ತಿದ್ರು, ಪೋರ್ಚುಗೀಸ್ ವ್ಯಾಪಾರಿ ಪಾಯೆಸ್ 1520ರ ಹೊತ್ತಿಗೆ ಬಂದು ಕಣ್ಣಾರೆ ಕಂಡಿದ್ದನ್ನ ಬರೆದಿಟ್ಟಿದ್ದಾನೆ. ದಸರಾ ರಜೆಗೆ ಬಂದವರು ದಸರಾ ನಡೀತಿದ್ದ ಜಾಗವನ್ನೇ ಬಿಸಿಲು ಅಂತ ಬಿಟ್ಟು ಹೋಗ್ತಾರಲ್ಲ! ಪಕ್ಕದ ಪುಷ್ಕರಣಿಯ ಕಪ್ಪು ಕಲ್ಲುಗಳ ಮೇಲೆ ಬಗ್ಗಿ ನೋಡಿ. ಯಾವ ಕಲ್ಲು ಎಲ್ಲಿ ಕೂರಬೇಕು ಅಂತ ಕಲ್ಲುಕುಟಿಗರು ಕೆತ್ತಿದ ಗುರುತು ಇನ್ನೂ ಇವೆ.

ಅಮ್ಮನಿಗೆ ಮಾತಂಗ ಬೆಟ್ಟ, ಅಂಜನಾದ್ರಿ ಬೇಡವೇ ಬೇಡ. ಉಳಿದಿದ್ದು ಆಟೋದಲ್ಲಿ ಆಗುತ್ತೆ. ಬೆಳಿಗ್ಗೆ ಬೇಗ ಹೊರಡಿ, ಹನ್ನೊಂದಕ್ಕೆ ರೂಮಿಗೆ ಹೋಗಿ ಮಲಗಿ, ನಾಲ್ಕಕ್ಕೆ ಮತ್ತೆ ಹೊರಡಿ.

ಹೈದರಾಬಾದಿನಿಂದ

ಯಾರೂ ಬೀದರ್ ಹೆಸರೇ ಎತ್ತಿಲ್ಲ. ಇಲ್ಲಿ ಕೆಲಸಕ್ಕೆ ಬಂದ ಮೇಲೆ ‘ಹತ್ತಿರ ಇದೆಯಲ್ಲ’ ಅಂತ ಹೋಗಿದ್ದು, ನಿರೀಕ್ಷೆ ಸೊನ್ನೆ. ಈಗ ಯಾರು ಕೇಳಿದ್ರೂ ಮೊದಲು ಅದನ್ನೇ ಹೇಳ್ತೀನಿ. ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗಾವಾನ್ 1472ರಲ್ಲಿ ಕಟ್ಟಿಸಿದ ಮದರಸಾ ಊರ ನಡುವೆಯೇ ಇದೆ. ಔರಂಗಜೇಬನ ಕಾಲದಲ್ಲಿ ಮದ್ದು ಸಿಡಿದು ಅರ್ಧ ಹೋಗಿದೆ, ಉಳಿದ ಒಂದು ಮಿನಾರಿನ ಮೇಲೆ ನೀಲಿ ಹೆಂಚಿನ ಚೂರುಗಳು ಇನ್ನೂ ಅಂಟ್ಕೊಂಡಿವೆ. ಕೋಟೆಯ ರಂಗೀನ್ ಮಹಲಿಗೆ ಬೀಗ ಇರುತ್ತೆ, ಅಲ್ಲಿನ ಸಿಬ್ಬಂದಿಯನ್ನ ವಿನಯವಾಗಿ ಕೇಳಿ ನೋಡಿ. ಕಪ್ಪು ಕಲ್ಲಿನೊಳಗೆ ಮುತ್ತಿನ ಚಿಪ್ಪು ಕೂರಿಸಿದ ಕೆಲಸ ಹತ್ತಿರದಿಂದ ನೋಡಿದ್ರೇನೇ ಗೊತ್ತಾಗೋದು. ಅಷ್ಟೂರಿನ ಬಹಮನಿ ಗೋರಿಗಳಲ್ಲಿ ಸುಲ್ತಾನ ಹುಮಾಯೂನನದ್ದು (ಮೊಗಲರ ಹುಮಾಯೂನ್ ಅಲ್ಲ) ಸಿಡಿಲು ಹೊಡೆದು ಸೀಳಿಹೋಗಿದೆ, ಗುಮ್ಮಟದ ಗೋಡೆ ಎಷ್ಟು ದಪ್ಪ ಅನ್ನೋದು ಹೊರಗೇ ಕಾಣುತ್ತೆ.

ಬಿದರಿ ಕೆಲಸದವರ ಅಂಗಡಿಯಲ್ಲಿ ಒಂದು ಗಂಟೆ ಕೂತಿದ್ದೆ. ಸತು-ತಾಮ್ರದ ಹೂಜಿಗೆ ಸಣ್ಣ ಉಳಿಯಿಂದ ಬಳ್ಳಿ ಕೊರೆದು, ಗೀರಿನೊಳಗೆ ಬೆಳ್ಳಿ ತಂತಿ ಇಟ್ಟು ಸುತ್ತಿಗೆಯಿಂದ ಟಕ್ ಟಕ್ ಅಂತ ಬಡಿಯೋದು. ಕೊನೆಗೆ ಕೋಟೆಯ ಮಣ್ಣು, ನವಸಾಗರ ಸೇರಿಸಿದ ಬಿಸಿ ನೀರಲ್ಲಿ ಅದ್ದಿದ್ರೆ ಹೂಜಿ ಕಪ್ಪಾಗುತ್ತೆ, ಬೆಳ್ಳಿ ಬೆಳ್ಳಗೇ ಉಳಿಯುತ್ತೆ. ಮಣ್ಣು ಸರಿಯಿದೆಯಾ ಅಂತ ನಾಲಿಗೆ ಮೇಲಿಟ್ಟು ನೋಡ್ತಾರೆ!

ತುಮಕೂರಿನಿಂದ ದೂರ ಆಯ್ತು, ಒಪ್ಪಿದೆ. ರಾತ್ರಿ ರೈಲು ಹಿಡೀರಿ.

ವಿಜಯಪುರಕ್ಕೆ ಹೋಗಿ ಬಂದ ಮೈಸೂರಿನವರಿಂದ

ಗೋಳಗುಮ್ಮಟ ನಿರಾಸೆ, ಅದೇ ಊರಿನ ಇನ್ನೊಂದು ಗೋರಿ ಇಬ್ರಾಹಿಂ ರೋಜಾ ಖುಷಿ. ಪಿಸುಮಾತಿನ ಗ್ಯಾಲರಿಯಲ್ಲಿ ಪಿಸುಗುಡೋರೇ ಇಲ್ಲ, ಎಲ್ಲರದ್ದೂ ಕಿರುಚಾಟ. ಬಾಗಿಲು ತೆಗೆದ ಕೂಡಲೇ ಹೋದ್ರೆ ಪಿಸುಮಾತು ಕೇಳುತ್ತಂತೆ. ಅಮ್ಮ ಆ ಕಡಿದಾದ ಮೆಟ್ಟಿಲು ಹತ್ತೋದು ಕಷ್ಟ. ರೋಜಾದಲ್ಲಿ ಹುಲ್ಲುಹಾಸಿನ ಹತ್ತಿರವೇ ಕೂತು ಕಲ್ಲಿನ ಜಾಲಿ ನೋಡ್ತಾ ಹರಟಬಹುದು.

ಧಾರವಾಡದಿಂದ

ಬಾದಾಮಿಗೆ ಬರ್ರಿ, ಏನೂ ವಿಚಾರ ಮಾಡಬ್ಯಾಡ್ರಿ. ಗುಹೆಗೆ ಮೆಟ್ಟಲ ಅದಾವ, ಖರೆ. ಆದ್ರ ಮೊದಲನೇ ಗುಹೆ ಭಾಳ ಮ್ಯಾಲಿಲ್ಲ, ಹದಿನೆಂಟು ಕೈಯಿನ ನಟರಾಜ ಅಲ್ಲೇ ಅದಾನ. ಅಮ್ಮಾರು ಅಷ್ಟು ನೋಡಿ ಕುಂದರಲಿ, ನೀವು ಮೂರನೇ ಗುಹೆತನ ಹೋಗಿ ಬರ್ರಿ. 578ರ ಶಾಸನ ಇರೂದು ಅದರಾಗ. ಕೈಯಾಗ ತಿನ್ನೂದು ಏನೂ ಹಿಡೀಬ್ಯಾಡ್ರಿ, ಮಂಗ್ಯಾ ಕಸಗೊಂಡು ಹೊಕ್ಕಾವ. ಸಂಜಿಮುಂದ ಅಗಸ್ತ್ಯ ತೀರ್ಥದ ದಂಡಿಗೆ ಭೂತನಾಥ ಗುಡಿತನ ನಡಕೋತ ಹೋಗ್ರಿ, ಸಪಾಟ ದಾರಿ. ಬಾದಾಮಿ ಅಂದ್ರ ಬರೇ ಗುಹಾ ಅಂತ ಬಂದಾವ್ರು ಇದನ್ನ ನೋಡೂದ ಇಲ್ಲ.

ಪಟ್ಟದಕಲ್ಲ ಅಂತೂ ಪೂರಾ ಸಪಾಟ, ಅಮ್ಮಾರಿಗೆ ತ್ರಾಸ ಇಲ್ಲ. ಅಲ್ಲಿ ವಿರೂಪಾಕ್ಷ ಗುಡಿ ಕಟ್ಟಿಸಿದಾಕಿ ರಾಣಿ ಲೋಕಮಹಾದೇವಿ, ಗಂಡ ಕಂಚಿ ಗೆದ್ದ ನೆನಪಿಗೆ. ಮಗಳಿಗೆ ಹೇಳ್ರಿ. ದಾರ್ಯಾಗ ಮಹಾಕೂಟದ ಹೊಂಡದಾಗ ಊರ ಹುಡುಗೂರು ಜಿಗದಾಡ್ತಿರ್ತಾವ.

ಊಟಕ್ಕ ಹೊಟೇಲ್ ಹುಡುಕಬ್ಯಾಡ್ರಿ. ಬನಶಂಕರಿ ಗುಡಿ ಹತ್ರ ಹೆಣ್ಣಮಕ್ಕಳು ಬುಟ್ಟಿ ಇಟಗೊಂಡು ಕುಂತಿರ್ತಾರ. ಜ್ವಾಳದ ರೊಟ್ಟಿ, ಬದನಿಕಾಯಿ ಎಣ್ಣಿಗಾಯಿ, ಶೇಂಗಾ ಚಟ್ನಿ, ಮ್ಯಾಲ ಗಟ್ಟಿ ಮಸರು. ‘ಇನ್ನೊಂದ್ ರೊಟ್ಟಿ ತಗೋರಿ’ ಅಂತ ಬಿಡೂದ ಇಲ್ಲ. ಗುಹಾ ನೋಡಿ ಏನೂ ಅನಸಲಿಲ್ಲಂದ್ರೂ ಈ ಊಟಕ್ಕ ಬಂದದ್ದು ವಸೂಲ.

ತಿಪಟೂರಿನಿಂದ

ಪಕ್ಕದ ಊರಿನವರಾಗಿ ಒಂದು ಮಾತು. ಬೇಲೂರು ಹಳೇಬೀಡು 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿವೆ, ರಜೆಯಲ್ಲಿ ಜನವೋ ಜನ. ದೂರ ಹೋಗೋ ಮನಸ್ಸಿಲ್ಲದಿದ್ರೆ ನುಗ್ಗೇಹಳ್ಳಿಗೆ ಬನ್ನಿ, 1246ರ ಲಕ್ಷ್ಮೀನರಸಿಂಹ. ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರಬಹುದು.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಮನೆಯಲ್ಲಿ ಮತ ಹಾಕಿ ಬಾದಾಮಿ, ಆಮೇಲೆ ಹಂಪಿ ಅಂತ ಆಯ್ತು. ಅಮ್ಮನ ಮತ ರೊಟ್ಟಿಗೆ, ಮಗಳದ್ದು ತಲೆಕೆಳಗಿನ ಗೋಪುರಕ್ಕೆ. ಜೋಗ ಮಳೆಗಾಲಕ್ಕೆ. ಹಂಪಿಗೆ ಹೊಸಪೇಟೆಯಲ್ಲಿ ಉಳಿಯೋದಾ, ಕಮಲಾಪುರದಲ್ಲಾ?

ಹೊಸಪೇಟೆಯಿಂದ

ನಮ್ಮೂರು ಬಿಟ್ಟುಕೊಡೋಕೆ ಬೇಜಾರು, ಆದ್ರೂ ಕಮಲಾಪುರ. ಮಧ್ಯಾಹ್ನ ಹೋಗಿ ಮಲಗೋಕೆ ಹತ್ತಿರ. ಅಲ್ಲಿನ ಮ್ಯೂಸಿಯಂ ಅಂಗಳದಲ್ಲಿ ಇಡೀ ಹಂಪಿಯ ಮಾದರಿ ಮಾಡಿಟ್ಟಿದ್ದಾರೆ, ಮೊದಲ ದಿನವೇ ನೋಡಿಬಿಡಿ, ಯಾವುದು ಎಲ್ಲಿದೆ ಅಂತ ತಲೆಗೆ ಹತ್ತುತ್ತೆ. ವಿಠ್ಠಲ ದೇವಸ್ಥಾನದಲ್ಲಿ ತಗೊಂಡ ಟಿಕೆಟ್ ಅದೇ ದಿನ ಕಮಲ ಮಹಲಿಗೂ ಮ್ಯೂಸಿಯಂಗೂ ನಡೆಯುತ್ತೆ, ಬಿಸಾಕಬೇಡಿ. ಮ್ಯೂಸಿಯಂಗೆ ಶುಕ್ರವಾರ ರಜೆ.