ಎಲ್‌ಇಡಿ ಬಲ್ಬು ವರ್ಷ ತುಂಬುವ ಮೊದಲೇ ಹೋಗುತ್ತಿವೆ, ಏನು ಮಾಡಲಿ?

ಪ್ರಶ್ನೆ, ಧಾರವಾಡದಿಂದ: ಡಬ್ಬಿ ಮೇಲೆ 25,000 ತಾಸು ಅಂತ ಬರೆದಿರುತ್ತದೆ. ನಮ್ಮ ಅಡುಗೆಮನೆ, ಬಚ್ಚಲಮನೆ ಬಲ್ಬು ವರ್ಷ ತುಂಬುವುದರೊಳಗೆ ಹೋಗುತ್ತವೆ. ಪಡಸಾಲೆಯದು ಮಾತ್ರ ಗಟ್ಟಿ. ಒಳಗೆ ತಂತಿ ಕಾದು ಉರಿಯುವ ಹಳೇ ಬಲ್ಬೇ ವಾಸಿ ಅಲ್ವಾ? ಅನುಭವ ಇದ್ದವರು ಹೇಳ್ರಿ.

ಹುಬ್ಬಳ್ಳಿಯಿಂದ, ವೈರಿಂಗ್ ಕೆಲಸದವನು:
ಹಳೇ ಬಲ್ಬಿನ ಆಯಸ್ಸು ಸಾವಿರ ತಾಸು ಅಷ್ಟೇರಿ. ದಿನಾ ಐದು ತಾಸು ಉರಿಸಿದರೆ ಆರೇಳು ತಿಂಗಳು. ಅಗ್ಗಕ್ಕೆ ಸಿಗುತ್ತಿತ್ತು, ಯಾರೂ ಲೆಕ್ಕ ಇಡಲಿಲ್ಲ. ಆ ಸಾವಿರ ತಾಸಿಗೆ 60 ವ್ಯಾಟಿನದು 60 ಯೂನಿಟ್ ತಿನ್ನುತ್ತದೆ. ಹೆಚ್ಚುಕಮ್ಮಿ ಅಷ್ಟೇ ಬೆಳಕು ಕೊಡುವ 9 ವ್ಯಾಟ್ ಎಲ್‌ಇಡಿಗೆ 9 ಯೂನಿಟ್ ಸಾಕು.

ಡಬ್ಬಿ ಮೇಲಿನ ಲೆಕ್ಕ ಹೆಚ್ಚಾಗಿ ಬೆಳಕು ಕೊಡುವ ಚಿಪ್ಪಿನದು, ಅದೂ ಬೆಳಕು ಶೇ. 70ಕ್ಕೆ ಇಳಿಯುವವರೆಗಿನ ಅಂದಾಜು. ಸಾಮಾನ್ಯವಾಗಿ ಮೊದಲು ಹೋಗುವುದು ಒಳಗಿನ ಡ್ರೈವರ್, ಅಂದರೆ ಮನೆ ಕರೆಂಟನ್ನು ಚಿಪ್ಪಿಗೆ ತಕ್ಕಂತೆ ಬದಲಿಸಿಕೊಡುವ ಸರ್ಕ್ಯೂಟ್. ಅದರ ಕೆಪಾಸಿಟರ್‌ಗೆ ಬಿಸಿ ಆಗಿಬರಲ್ಲ. 10 ಡಿಗ್ರಿ ಬಿಸಿ ಏರಿದರೆ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ. ನಿಮ್ಮ ಅಡುಗೆಮನೆ, ಬಚ್ಚಲಮನೆ ಬಲ್ಬಿಗೆ ಗಾಜಿನ ಡೂಮ್ ಮುಚ್ಚಿದೆಯಾ? ಪಡಸಾಲೆಯಲ್ಲಿ ಬರೀ ಹೋಲ್ಡರ್ ಇದೆಯಾ? ಹಾಗಿದ್ದರೆ ಡೂಮ್ ತೆಗೆದುಬಿಡಿ, ಇಲ್ಲಾ ಕಡಿಮೆ ವ್ಯಾಟಿನದು ಹಾಕಿ.

ಹೋದ ಬಲ್ಬನ್ನು ಹೋಲ್ಡರ್‌ನಿಂದ ಬಿಚ್ಚಿ, ಅದರ ಬಿಳಿ ಟೊಪ್ಪಿಗೆ ತೆಗೆದು ನೋಡಿ. ಹಳದಿ ಚಿಪ್ಪುಗಳಲ್ಲಿ ಒಂದರ ನಡುವೆ ಸಾಸಿವೆಗಿಂತ ಸಣ್ಣ ಕರಿ ಚುಕ್ಕೆ ಕಂಡರೆ ಸುಟ್ಟಿರುವುದು ಅದೇ. ಎಲ್ಲವನ್ನೂ ಒಂದೇ ಸಾಲಿನಲ್ಲಿ ಜೋಡಿಸಿರುತ್ತಾರೆ, ಒಂದು ಹೋದರೆ ಉಳಿದವೂ ಆರುತ್ತವೆ. ಕಲೆಯೇ ಇಲ್ಲದಿದ್ದರೆ ಬಹುತೇಕ ಡ್ರೈವರ್‌ದೇ ಕಥೆ.

ಹಾವೇರಿ ಕಡೆಯ ಹಳ್ಳಿಯಿಂದ:
ಕರೆಂಟನ್ನೂ ನೋಡ್ರಿ. ಓಣಿಯಲ್ಲಿ ಒಂದೇ ಸಲ ಹಲವರ ಮನೆಯ ಬಲ್ಬು, ಟಿವಿ ಹೋದರೆ ಕಂಬದ ಲೈನಿನ ನ್ಯೂಟ್ರಲ್ ತಂತಿ (ಕರೆಂಟ್ ವಾಪಸ್ ಹೋಗುವ ತಂತಿ) ಕಡಿದಿರಬಹುದು. ಆಗ 230 ವೋಲ್ಟ್ ಇರಬೇಕಾದಲ್ಲಿ 400ರ ಹತ್ತಿರ ಹೋಗಬಹುದು. ಹಳೇ ಬಲ್ಬೂ ಉಳಿಯಲ್ಲ. ಮಳೆಗಾಲದ ಸಿಡಿಲಿಗಾದರೆ 4 ಕೆವಿ (4,000 ವೋಲ್ಟ್) ಸರ್ಜ್, ಅಂದರೆ ಒಮ್ಮೆಲೇ ನುಗ್ಗುವ ವೋಲ್ಟೇಜ್, ತಡೆಯುತ್ತದೆ ಅಂತ ಬರೆದಿರುವ ಬಲ್ಬು 2.5 ಕೆವಿಯದಕ್ಕಿಂತ ಮೇಲು. ಪಂಪ್‌ಸೆಟ್ ಶುರುವಾದಾಗ ವೋಲ್ಟೇಜ್ ಕುಸಿದರೆ ಹಳೇ ಬಲ್ಬು ಕೆಂಡದ ಹಾಗೆ ಕೆಂಪಗಾಗುತ್ತಿತ್ತು. ಒಳ್ಳೇ ಎಲ್‌ಇಡಿ ಅಲುಗುವುದೇ ಇಲ್ಲ.

ಕೋಳಿಮರಿಗೆ ಕಾವು ಕೊಡಲು ಮಾತ್ರ ನಾವು ಇನ್ನೂ ಹಳೇ 100 ವ್ಯಾಟ್ ಬಲ್ಬನ್ನೇ ಹಾಕುತ್ತೇವೆ. ಎಲ್‌ಇಡಿ ಕೆಳಗೆ ಮರಿಗಳು ನಡುಗುತ್ತವೆ.

ಗದಗದಿಂದ:
ಸರ್ಕಾರ ಕಡಿಮೆ ಬೆಲೆಗೆ ಎಲ್‌ಇಡಿ ಕೊಟ್ಟ ಉಜಾಲಾ ಯೋಜನೆಯ 9 ವ್ಯಾಟ್ ಬಲ್ಬು ನಮ್ಮ ದೇವರಮನೆಯಲ್ಲಿ ಇನ್ನೂ ಉರಿಯುತ್ತಿದೆ. ಆಮೇಲೆ ಸಂತೆಯಲ್ಲಿ ತಂದ ಹೆಸರಿಲ್ಲದವು ಒಂದೂ ಉಳಿಯಲಿಲ್ಲ. ಡಬ್ಬಿ ಮೇಲೆ ಐಎಸ್ 16102 (ಎಲ್‌ಇಡಿ ಬಲ್ಬಿನ ಭಾರತೀಯ ಮಾನಕದ ಸಂಖ್ಯೆ) ಮತ್ತು ಆರ್ ಅಕ್ಷರದಿಂದ ಶುರುವಾಗುವ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ನೋಂದಣಿ ನಂಬರ್ ಇಲ್ಲದಿದ್ದರೆ ಕೊಳ್ಳಬೇಡಿ. ವಾರಂಟಿ ಇದ್ದರೂ ಸುಮ್ನೆ ಎಸೆಯುವವರೇ ಜಾಸ್ತಿ. ಬಿಲ್ಲಿನ ಅಕ್ಷರ ಮಾಸಿಹೋಗುತ್ತವೆ, ಹಾಗಾಗಿ ತಂದ ದಿನವೇ ಅದರ ಫೋಟೋ ತೆಗೆದಿಡಿ. ಬಲ್ಬಿನ ಬುಡದಲ್ಲಿ ಮಾರ್ಕರ್‌ನಿಂದ ತಾರೀಕು ಬರೆಯಿರಿ. ಅಂಗಡಿಯವರು ಅದನ್ನು ನೋಡಿದರೆ ಹೆಚ್ಚು ವಾದ ಮಾಡುವುದಿಲ್ಲ.